ಸರ್ ಎಂ. ವಿಶ್ವೇಶ್ವರಯ್ಯ ಮತ್ತು ಭದ್ರೆಯ ಒರತೆ ನೀರು

ಭಾರತ ರತ್ನ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜು ಹಾಗೂ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ವ್ಯಾಸಂಗ ಮುಗಿಸಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯ ಸೇವೆಗೆ ಸೇರಿದರು.

ಅಣೆಕಟ್ಟೆಗಳ ನಿರ್ಮಾತೃವೆಂದು ನಾಡಿನಾದ್ಯಂತ ಪ್ರಸಿದ್ಧರಾದ ಅವರು ನೆಲದೊಳಗಿನ ನೀರಿನ ನಡೆಯನ್ನೂ ಬಲ್ಲವರಾಗಿದ್ದರು. 1890ರ ದಶಕದಲ್ಲಿ ಸಿಂಧ್ ಪ್ರದೇಶದ ಸುಕ್ಕೂರು ಪಟ್ಟಣಕ್ಕೆ ಕುಡಿಯುವ ನೀರು ಒದಗಿಸುವ ಹೊಣೆ ಅವರದಾಯಿತು. ಸಿಂಧೂ ನದಿಯ ನೀರು ಕೆಸರುಮಯ. ಅದನ್ನು ಶೋಧಿಸುವ ಘಟಕಕ್ಕೆ ಪುರಸಭೆಯಲ್ಲಿ ಹಣವಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಪಾತ್ರದಲ್ಲಿಯೇ ಬಾವಿ ತೋಡಿಸಿ, ಮರಳಿನ ಮೂಲಕ ಬಸಿದು ತಿಳಿಯಾದ ನೀರನ್ನು ಊರಿಗೆ ಒದಗಿಸಿದರು.

ಮಲೆನಾಡಿನಲ್ಲಿ ಈ ಬಸಿಯುವಿಕೆ ಬೆಟ್ಟದಿಂದ ಹಳ್ಳದ ಕಡೆಗೆ ಸಾಗುತ್ತದೆ. ಕಾಡಿನ ತರಗೆಲೆ ಮತ್ತು ಬೇರುಗಳು ಮಳೆನೀರಿನ ಓಟವನ್ನು ತಡೆಯುತ್ತವೆ. ನೀರು ಮಣ್ಣಿನಲ್ಲಿ, ಜಂಬಿಟ್ಟಿಗೆ ಪದರದಲ್ಲಿ ಇಂಗಿ, ಕೆಳಗಿನ ಗಟ್ಟಿ ಬಂಡೆಯನ್ನು ಮುಟ್ಟುತ್ತದೆ. ಅಲ್ಲಿಂದ ಇಳಿಜಾರಿನ ಗುಂಟ ನಿಧಾನವಾಗಿ ಸರಿದು, ಬೆಟ್ಟದ ಬುಡದಲ್ಲಿ ಒರತೆಯಾಗಿ ಹೊಮ್ಮುತ್ತದೆ ಅಥವಾ ಹಳ್ಳದ ತಳದಲ್ಲಿಯೇ ಜಿನುಗುತ್ತದೆ. ಈ ಪಯಣಕ್ಕೆ ತಿಂಗಳುಗಳೇ ಹಿಡಿಯುವುದರಿಂದ ಮಳೆ ನಿಂತ ಮೇಲೂ ಹಳ್ಳ ಬತ್ತುವುದಿಲ್ಲ. ಗಂಗಾಮೂಲದಲ್ಲಿ ಹುಟ್ಟುವ ತುಂಗಾ ನದಿ ಶಿವಮೊಗ್ಗಕ್ಕೂ ಭದ್ರಾ ನದಿ ಭದ್ರಾವತಿಗೂ ಬರುವವರೆಗೆ ಇಂತಹ ಅಸಂಖ್ಯ ಹಳ್ಳಗಳನ್ನು ಕೂಡಿಸಿಕೊಳ್ಳುತ್ತವೆ. ಲಕ್ಕವಳ್ಳಿಯಲ್ಲಿ ಜಲಾಶಯ ನಿರ್ಮಾಣವಾಗುವ ಮುನ್ನ, ಕಡು ಬೇಸಿಗೆಯಲ್ಲಿ ಭದ್ರಾವತಿಯನ್ನು ತಲುಪುತ್ತಿದ್ದುದು ಬಹುಪಾಲು ಈ ಒರತೆ ನೀರೇ.

1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು, ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಸ್ಥಾಪನೆಗೆ ಕಾರಣರಾದರು. 1923ರಲ್ಲಿ ಉತ್ಪಾದನೆ ಆರಂಭವಾಯಿತು. ನಷ್ಟದಲ್ಲಿದ್ದ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು 1929ರವರೆಗೆ ವಹಿಸಿ, ಅದನ್ನು ಸುಸ್ಥಿತಿಗೆ ತಂದರು.

ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಕಲ್ಲಿದ್ದಲು ದೊರೆಯದ ಕಾರಣ ಕುಲುಮೆಗೆ ಮಲೆನಾಡಿನ ಕಾಡುಗಳ ಸೌದೆಯಿಂದ ತಯಾರಿಸಿದ ಇದ್ದಿಲೇ ಇಂಧನವಾಯಿತು. ಅನುಕೂಲಕರವಾಗಿದ್ದ ಈ ವ್ಯವಸ್ಥೆಯಲ್ಲಿ ಒಂದು ತೊಡಕೂ ಇತ್ತೆನ್ನಬೇಕು: ನದಿಯನ್ನು ಬೇಸಿಗೆಯಲ್ಲಿ ಹರಿಸುವುದೂ ಅದೇ ಮಲೆಯ ಕಾಡುಗಳೇ. ಮರ ಕಡಿದ ಇಳಿಜಾರಿನಲ್ಲಿ ಮೇಲ್ಮಣ್ಣು ಕೊಚ್ಚಿಹೋದರೆ ಮಳೆನೀರು ಇಂಗದೆ ಹರಿದುಹೋಗಿ, ಒರತೆಗಳು ಬೇಗನೆ ಬತ್ತುತ್ತವೆ. 1950ರ ದಶಕದಲ್ಲಿ ಕಾರ್ಖಾನೆಗೆ ವಿದ್ಯುತ್ ಕುಲುಮೆಗಳು ಬಂದವು.

1955ರಲ್ಲಿ ಭಾರತ ರತ್ನ ಪ್ರಶಸ್ತಿಗೆ ಪಾತ್ರರಾದ ವಿಶ್ವೇಶ್ವರಯ್ಯನವರು 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಿಧನ ಹೊಂದಿದರು. ಭದ್ರಾವತಿಯ ಕಾರ್ಖಾನೆಗೆ ತರುವಾಯ ಅವರ ಹೆಸರನ್ನೇ ಇಡಲಾಯಿತು.