ಸಾಕ್ಷಿ ಕೇಳಿ ನಂಬಿದ ಪಂಡಿತೆ ರಮಾಬಾಯಿ

ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ದೇವರನ್ನು ಸಾಕ್ಷಿ ಕೇಳೋದು ತಪ್ಪಲ್ಲ. ಮದುವೆಯೋ ಜಮೀನೋ, ಗುಡಿಯಲ್ಲಿ ನಿಂತು ಹೂ ಕೇಳ್ತೀವಿ. ಬಲಗಡೆ ಬಿದ್ದರೆ ಅಪ್ಪಣೆ ಆಯ್ತು ಅಂತ ಎದ್ದು ಬರ್ತೀವಿ. ಆದರೆ ಹನೂರು ಕಡೆಯ ನಮ್ಮ ಅತ್ತೆಯೊಬ್ಬರು ಚರ್ಚಿಗೆ ಹೋಗಲು ಶುರು ಮಾಡಿದಾಗ, ಎಷ್ಟು ಕೊಟ್ರು ಅಂತ ಕೇಳಿದವರಲ್ಲಿ ನಾನೂ ಒಬ್ಬ. ಅತ್ತೆ ಉತ್ತರ ಕೊಡಲಿಲ್ಲ. ಪಂಡಿತೆ ರಮಾಬಾಯಿಯ ಬದುಕನ್ನು ಓದಿದ ಮೇಲೆ ಆ ಪ್ರಶ್ನೆಗೆ ನಾಚಿಕೆಯಾಗಿದೆ.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮದೇ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ಹೆಣ್ಣಿಗೆ ಸಂಸ್ಕೃತ ಕಲಿಸಬಾರದು ಎನ್ನುವ ಕಾಲದಲ್ಲಿ ತಂದೆ ಅನಂತಶಾಸ್ತ್ರಿ ಹೆಂಡತಿಗೆ ಕಲಿಸಿದರು. ತಾಯಿ ಲಕ್ಷ್ಮೀಬಾಯಿ ಮಗಳಿಗೆ ಕಲಿಸಿದರು. ಪುರಾಣ ಹೇಳುತ್ತಾ ಕುಟುಂಬ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯಿತು. 1870ರ ದಶಕದ ಬರ ಬಂದಾಗ ಕೈಲಿದ್ದದ್ದು ದಾನ, ಪೂಜೆಗೆ ಕರಗಿಹೋಗಿತ್ತು. ಉಪವಾಸವಿದ್ದು ದೇವರ ದಾರಿ ಕಾದರು. ದೇವರು ಬರಲಿಲ್ಲ. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು.

1878ರಲ್ಲಿ ಕಲ್ಕತ್ತಾದ ವಿದ್ವಾಂಸರು ಆಕೆಯನ್ನು ಪರೀಕ್ಷಿಸಿ ಪಂಡಿತೆ, ಸರಸ್ವತಿ ಎಂದು ಬಿರುದು ಕೊಟ್ಟರು. ಆದರೆ ಶಾಸ್ತ್ರ ಓದಿದಷ್ಟೂ ಅದರಲ್ಲಿ ಹೆಣ್ಣಿಗೆ ಜಾಗ ಕಾಣಲಿಲ್ಲ. ಜಾತಿ ಮೀರಿ ಮದುವೆಯಾದರು. 1882ರಲ್ಲಿ ಎಳೆಮಗಳೊಂದಿಗೆ ವಿಧವೆಯಾದರು.

ಮರುವರ್ಷ ಇಂಗ್ಲೆಂಡಿಗೆ ಹೋದಾಗಲೂ ಆಕೆ ಯಾರ ಮಾತನ್ನೂ ಸುಮ್ಮನೆ ಒಪ್ಪಲಿಲ್ಲ. ಲಂಡನ್ನಿನ ಫುಲ್ಹಮ್‌ನಲ್ಲಿ ಸಮಾಜ ಹಾಳಾದವಳು ಎಂದು ತಳ್ಳಿದ ಹೆಣ್ಣುಮಕ್ಕಳನ್ನು ಸನ್ಯಾಸಿನಿಯರು ಸಾಕುತ್ತಿದ್ದರು. ಇವರಿಗೇಕೆ ಈ ಕನಿಕರ ಎಂದು ಕೇಳಿದರು. ಉತ್ತರವಾಗಿ ಸಮಾರ್ಯದ ಹೆಂಗಸಿನ ಜೊತೆ ಯೇಸು ಮಾತಾಡಿದ ಕತೆ ಸಿಕ್ಕಿತು. ಪವಾಡವಲ್ಲ, ಇದೇ ಆಕೆಗೆ ಸಾಕ್ಷಿ. 1883ರ ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನವಾಯಿತು.

ಅಷ್ಟಕ್ಕೇ ಪ್ರಶ್ನೆ ನಿಲ್ಲಲಿಲ್ಲ. ತ್ರಿಯೇಕ ದೇವರ ಸಿದ್ಧಾಂತವನ್ನು ಯಾಕೆ ಒಪ್ಪಬೇಕು ಅಂತ ಅದೇ ಸನ್ಯಾಸಿನಿಯರ ಜೊತೆ ವಾದಕ್ಕಿಳಿದರು. ಊರಿಗೆ ಮರಳಿ 1889ರಲ್ಲಿ ಶಾರದಾ ಸದನ ತೆರೆದರು. ಹುಡುಗಿಯರನ್ನು ಮತಾಂತರ ಮಾಡ್ತಾಳೆ ಎಂಬ ಗಲಾಟೆಯೆದ್ದು 1893ರಲ್ಲಿ ಹಲವರು ಮಕ್ಕಳನ್ನು ವಾಪಸ್ ಕರೆದುಕೊಂಡು ಹೋದರು. ಆಮೇಲೆ ಬರದಲ್ಲಿ ಅನಾಥರಾದ ನೂರಾರು ಹೆಣ್ಣುಮಕ್ಕಳಿಗೆ ಕೇಡಗಾಂವ್‌ನ ಮುಕ್ತಿ ಸದನದಲ್ಲಿ ಅನ್ನ, ಅಕ್ಷರ ಕೊಟ್ಟರು. ನಮ್ಮ ಕಲಬುರಗಿಯಲ್ಲೂ ಹುಡುಗಿಯರ ಶಾಲೆ ಶುರುವಾಯಿತು. 1922ರ ಏಪ್ರಿಲ್ 5ರಂದು ತೀರಿಕೊಂಡರು.

ಆಕೆಗೆ ಯಾರೂ ಆಮಿಷ ಒಡ್ಡಿ ನಂಬಿಸಿರಲಿಲ್ಲ. ಬರದಲ್ಲಿ ಹಸಿದು ಕೇಳಿದ್ದ ಪ್ರಶ್ನೆಗೆ ತಾನೇ ಉತ್ತರ ಹುಡುಕಿಕೊಂಡಿದ್ದರು. ಅದನ್ನು ನೀವು ಒಪ್ಪಬಹುದು, ಬಿಡಬಹುದು. ಹುಡುಕುವ ಬುದ್ಧಿ ಹೆಂಗಸಿಗಿಲ್ಲ ಅನ್ನೋ ಹಾಗಿಲ್ಲ.

ಮುಂದಿನ ಸಲ ಹನೂರಿಗೆ ಹೋದಾಗ ಅತ್ತೆಯನ್ನು ಕೇಳಬೇಕು. ಎಷ್ಟು ಕೊಟ್ರು ಅಂತಲ್ಲ, ನೀವು ಅಲ್ಲಿ ಏನು ನೋಡಿದ್ರಿ ಅಂತ.