ಥಾಮಸ್ ಡೇನಿಯಲ್: ಪೆಟ್ಟಿಗೆಯೊಳಗಿನ ಪಾಳುಗುಡಿ

ಥಾಮಸ್ ಡೇನಿಯಲ್ 1749ರಲ್ಲಿ ಇಂಗ್ಲೆಂಡಿನ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ. ತಂದೆ ಪ್ರಯಾಣಿಕರ ವಸತಿಗೃಹ ನಡೆಸುತ್ತಿದ್ದ. ಮಗ ಮೊದಲು ಕಲಿತದ್ದು ಸಾರೋಟುಗಳಿಗೆ ಬಣ್ಣ ಬಳಿಯುವ ಕೆಲಸ. ನಿಸರ್ಗಚಿತ್ರ ಬರೆದು ಲಂಡನ್‌ನಲ್ಲಿ ಹೊಟ್ಟೆ ಹೊರೆಯುವುದು ಕಷ್ಟವಾಗಿ, 1785ರಲ್ಲಿ ಸಹೋದರನ ಮಗ ವಿಲಿಯಂನೊಂದಿಗೆ ಹಡಗು ಹತ್ತಿದ.

ಆ ಕಾಲದ ಇಂಗ್ಲಿಷ್ ಚಿತ್ರಕಾರರಿಗೆ ಮಾದರಿಯಾಗಿದ್ದವನು 17ನೇ ಶತಮಾನದಲ್ಲಿ ರೋಮ್‌ನಲ್ಲಿ ಬಾಳಿದ ಕ್ಲೋದ್ ಲೋರೇನ್. ಅವನ ಚಿತ್ರದಲ್ಲಿ ಒಂದು ಬದಿಗೆ ಎತ್ತರದ ಮರ, ಇನ್ನೊಂದು ಬದಿಗೆ ಮುರಿದ ರೋಮನ್ ಕಂಬಗಳು, ನಡುವೆ ದನಗಾಹಿಗಳು, ಹಿಂದೆ ಸಂಜೆಯ ಹೊಂಬಿಸಿಲು. ಪಾಳು ಕಟ್ಟಡವನ್ನು ಇದ್ದಲ್ಲೇ ಬಿಡದೆ ತನಗೆ ಬೇಕಾದ ಕಡೆ ತಂದು ನಿಲ್ಲಿಸುತ್ತಿದ್ದ. ಈ ಪರಂಪರೆಯಲ್ಲಿ ಪಳಗಿದ ಕಣ್ಣಿನಿಂದಲೇ ಡೇನಿಯಲ್ ಭಾರತವನ್ನು ನೋಡಿದ.

1786ರಲ್ಲಿ ಕಲ್ಕತ್ತಾ ಸೇರಿದ ಇಬ್ಬರೂ ಮುಂದೆ ಹಿಮಾಲಯದವರೆಗೆ ತಿರುಗಿದರು. ಖರ್ಚಿಗೆ ಚಿತ್ರಗಳನ್ನು ಲಾಟರಿ ಇಟ್ಟು ಮಾರಿದರು. ಜೊತೆಗಿದ್ದ ಉಪಕರಣವೆಂದರೆ ಕ್ಯಾಮೆರಾ ಅಬ್ಸ್‌ಕ್ಯೂರಾ. ಗರಗದಲ್ಲಿ ಬೋಧನಾ ಅಭ್ಯಾಸದ ಬೆಳಕಿನ ಪಾಠಕ್ಕೆ ನಾನು ಈ ಜೀವನಕಥೆಯನ್ನು ಆಯ್ದುಕೊಂಡದ್ದು ಇದೇ ಕಾರಣಕ್ಕೆ. ಎಣ್ಣೆ ಹಚ್ಚಿದ ಹಾಳೆಯ ಮೇಲೆ ಬೇವಿನ ಮರ ತಲೆಕೆಳಗಾಗಿ ಮೂಡಿದ್ದನ್ನು ಮಕ್ಕಳು ರಟ್ಟಿನ ಪೆಟ್ಟಿಗೆಯಲ್ಲಿ ಕಂಡಿದ್ದರು. ಡೇನಿಯಲ್‌ನ ಪೆಟ್ಟಿಗೆಯ ತತ್ವವೂ ಅದೇ. ರಂಧ್ರದ ಜಾಗದಲ್ಲಿ ಮಸೂರ, ಬಿಂಬದ ಮೇಲೆ ಪೆನ್ಸಿಲ್. ಹೀಗಾಗಿ ಗುಡಿಯ ಗೋಪುರ, ಕಂಬಗಳ ಅಳತೆ ಅವನಲ್ಲಿ ಬಹುಮಟ್ಟಿಗೆ ಸರಿಯಾಗಿವೆ. ಆದರೆ ಪೆಟ್ಟಿಗೆಯನ್ನು ಎಲ್ಲಿಡಬೇಕು, ಯಾವ ಹೊತ್ತಿನ ಬೆಳಕು ಬೇಕು, ಇವನ್ನು ಮಸೂರ ತೀರ್ಮಾನಿಸುವುದಿಲ್ಲ.

1792ರಲ್ಲಿ ಅವರು ಮದರಾಸಿನಿಂದ ಮೈಸೂರು ಸೀಮೆಯತ್ತ ಹೊರಟು ಬೆಂಗಳೂರಿನವರೆಗೆ ಬಂದರು. ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರು ಕೋಟೆ ಒಡೆದು ಆಗಿನ್ನೂ ಒಂದು ವರ್ಷ; ಟಿಪ್ಪುವಿನೊಂದಿಗೆ ಒಪ್ಪಂದವಾಗಿ ಕೆಲವೇ ವಾರ. ಸೈನ್ಯ ಸಾಗಿದ ಹಾದಿಯಲ್ಲೇ ಸಾಗಿ ಬೆಟ್ಟದ ಕೋಟೆಗಳನ್ನು ಬರೆದುಕೊಂಡರು. ನನ್ನನ್ನು ಚುಚ್ಚುವುದು ಈ ಪ್ರಯಾಣವೇ. ಕ್ಲೋದ್‌ನ ಮುರಿದ ಕಂಬಕ್ಕೆ ಸಾವಿರ ವರ್ಷ ದಾಟಿತ್ತು, ಅಳುವವರು ಉಳಿದಿರಲಿಲ್ಲ. ಇಲ್ಲಿ ಗೋಡೆ ಬಿದ್ದವರ ಮನೆಯಲ್ಲಿ ಆ ವರ್ಷದ ಬಿತ್ತನೆಯೂ ಆಗಿತ್ತೋ ಇಲ್ಲವೋ. ಕಣ್ಣಿಗೆ ಹಿತವಾದ ಆ ಬೆಟ್ಟಗಳನ್ನು ನೋಡುವಾಗ ಇಸವಿಯನ್ನೂ ನೋಡಬೇಕೆಂದು ತರಗತಿಯಲ್ಲಿ ಹೇಳಿದೆ. ಒಂಬತ್ತನೆಯವರು ತಕ್ಷಣ ಹಿಡಿದರು.

1794ರಲ್ಲಿ ಇಬ್ಬರೂ ಇಂಗ್ಲೆಂಡಿಗೆ ಮರಳಿದರು. 1795ರಿಂದ 1808ರವರೆಗೆ 144 ಮುದ್ರಿತ ಚಿತ್ರಗಳ 'ಓರಿಯಂಟಲ್ ಸೀನರಿ' ಹೊರಬಂತು. 1799ರಲ್ಲಿ ಥಾಮಸ್ ರಾಯಲ್ ಅಕಾಡೆಮಿಯ ಸದಸ್ಯನಾದ. ಮುಂದೆ ಸೆಜಿನ್‌ಕೋಟ್ ಎಂಬ ಬಂಗಲೆಯ ತೋಟಕ್ಕೆ ಸೂರ್ಯನ ಗುಡಿಯೊಂದನ್ನು ವಿನ್ಯಾಸ ಮಾಡಿಕೊಟ್ಟ. ವಿಲಿಯಂ 1837ರಲ್ಲಿ ತೀರಿಕೊಂಡ, ಥಾಮಸ್ 1840ರಲ್ಲಿ. ತೋಟದ ಆ ಗುಡಿ ಈಗಲೂ ಇದೆ.