ನಿರಾಶ್ರಿತ ಮಕ್ಕಳ ಗುರು ಕೊಮೇನಿಯಸ್

ಈ ವಾರ ನಾವು ಸ್ಮರಿಸಲಿರುವ ಮಹನೀಯರು ಕಥೋಲಿಕರಲ್ಲ. ಅಷ್ಟೇ ಅಲ್ಲ, ಕಥೋಲಿಕ ಚಕ್ರವರ್ತಿಯೊಬ್ಬನ ಆಳ್ವಿಕೆಯಲ್ಲಿ ತಾಯ್ನಾಡನ್ನು ತೊರೆಯಬೇಕಾಗಿ ಬಂದವರು. ಆದರೂ ಮಗುವಿನ ಕೈಗೆ ಮೊದಲು ಅದರ ತಾಯ್ನುಡಿಯ ಪುಸ್ತಕವನ್ನೇ ಕೊಡಬೇಕೆಂದು ಪಟ್ಟುಹಿಡಿದ ಗುರುಗಳಲ್ಲಿ ಅವರಿಗೆ ಅಗ್ರಸ್ಥಾನವಿದೆ. ಅವರ ಚರಿತ್ರೆಯನ್ನು ನಮ್ಮ ಕುಟುಂಬಗಳು ಅರಿಯುವುದು ಯೋಗ್ಯವೆಂದು ನಾವು ಭಾವಿಸುತ್ತೇವೆ.

ಯಾನ್ ಆಮೋಸ್ ಕೊಮೆನ್‌ಸ್ಕಿ, ಲ್ಯಾಟಿನ್ ರೂಪದಲ್ಲಿ ಕೊಮೇನಿಯಸ್, 1592ರ ಮಾರ್ಚ್ 28ರಂದು ಇಂದಿನ ಚೆಕ್ ಗಣರಾಜ್ಯದ ಮೊರೇವಿಯಾ ಪ್ರಾಂತದಲ್ಲಿ ಜನಿಸಿದರು. ಬಾಲ್ಯದಲ್ಲೇ ತಂದೆತಾಯಿಗಳನ್ನು ಕಳೆದುಕೊಂಡ ಅವರು ಬಂಧುಗಳ ಆಶ್ರಯದಲ್ಲಿ ಬೆಳೆದರು. ಅವರ ಮನೆತನವು 'ಐಕ್ಯ ಸಹೋದರರು' ಎಂಬ ಸಣ್ಣ ಪ್ರೊಟೆಸ್ಟಂಟ್ ಸಭೆಗೆ ಸೇರಿತ್ತು. ಜರ್ಮನ್ ನಾಡಿನಲ್ಲಿ ಉನ್ನತ ವ್ಯಾಸಂಗ ಮುಗಿಸಿ ಮರಳಿ, ಮೊದಲು ಉಪಾಧ್ಯಾಯರಾಗಿ, ಬಳಿಕ ಫುಲ್ನೆಕ್ ಪಟ್ಟಣದಲ್ಲಿ ಸಭಾಪಾಲಕರಾಗಿ ಸೇವೆ ಸಲ್ಲಿಸಿದರು.

1620ರ ನವೆಂಬರ್ 8ರಂದು ಪ್ರಾಗ್ ನಗರದ ಹೊರವಲಯದ ಶ್ವೇತಪರ್ವತದಲ್ಲಿ ನಡೆದ ಯುದ್ಧದಲ್ಲಿ ಪ್ರೊಟೆಸ್ಟಂಟ್ ಪಕ್ಷ ಸೋತಿತು. ಕೊಮೇನಿಯಸ್ ತಲೆಮರೆಸಿಕೊಂಡರು. 1622ರಲ್ಲಿ ಅವರ ಪತ್ನಿಯೂ ಇಬ್ಬರು ಎಳೆಯ ಮಕ್ಕಳೂ ಸಾಂಕ್ರಾಮಿಕಕ್ಕೆ ತುತ್ತಾದರು. ಇಮ್ಮಡಿ ಫರ್ಡಿನಾಂಡ್ ಚಕ್ರವರ್ತಿಯ 1627ರ ಶಾಸನವು ಬೊಹೀಮಿಯಾದಲ್ಲಿ ಕಥೋಲಿಕ ವಿಶ್ವಾಸವೊಂದನ್ನೇ ಮಾನ್ಯಮಾಡಿತಲ್ಲದೆ, ಜರ್ಮನ್ ಭಾಷೆಯನ್ನು ಚೆಕ್ ಭಾಷೆಗೆ ಸರಿಸಮನಾಗಿ ನಿಲ್ಲಿಸಿತು. 1628ರ ಫೆಬ್ರವರಿಯ ಚಳಿಯಲ್ಲಿ ಕೊಮೇನಿಯಸ್ ಗಡಿ ದಾಟಿ ಪೋಲೆಂಡಿನ ಲೆಶ್ನೊ ಪಟ್ಟಣವನ್ನು ಸೇರಿದರು.

ಲೆಶ್ನೊ ಪೋಲಿಷರೂ ಜರ್ಮನರೂ ವಾಸಿಸುತ್ತಿದ್ದ ಊರು. ಚೆಕ್ ನಿರಾಶ್ರಿತರ ಮಕ್ಕಳು ಅಲ್ಲಿ ಅನ್ಯ ನುಡಿಗಳ ನಡುವೆ ಬೆಳೆಯತೊಡಗಿದರು. ಒಂದು ದಿನ ತಾಯ್ನಾಡಿಗೆ ಮರಳುವೆವೆಂಬ ಭರವಸೆ ಹಿರಿಯರಲ್ಲಿತ್ತು. ಮರಳುವ ಮಕ್ಕಳಿಗೆ ತಾಯ್ನುಡಿಯೇ ಬಾರದಿದ್ದರೆ ಗತಿಯೇನು? ಅಲ್ಲಿನ ಶಾಲೆಯಲ್ಲಿ ಬೋಧಕರಾಗಿದ್ದ ಕೊಮೇನಿಯಸ್ ಬೋಧನಾಶಾಸ್ತ್ರದ ತಮ್ಮ ಮಹಾಗ್ರಂಥವನ್ನು ಮೊದಲು ಬರೆದುದು ವಿದ್ವಾಂಸರ ಲ್ಯಾಟಿನ್ನಿನಲ್ಲಲ್ಲ, ಚೆಕ್ ಭಾಷೆಯಲ್ಲಿ.

ಆರು ವರ್ಷದವರೆಗೆ ತಾಯಿಯ ಮಡಿಲೇ ಶಾಲೆ. ಆರರಿಂದ ಹನ್ನೆರಡರವರೆಗೆ ಬಡವ ಬಲ್ಲಿದ, ಗಂಡು ಹೆಣ್ಣು ಎಂಬ ಭೇದವಿಲ್ಲದೆ ಎಲ್ಲರಿಗೂ ಮಾತೃಭಾಷಾ ಶಾಲೆ. ಆ ಬಳಿಕವೇ ಲ್ಯಾಟಿನ್. ಇದು ಅವರ ಯೋಜನೆ. ಮಾತೃಭಾಷಾ ಶಾಲೆಯು ಹೆಣ್ಣುಮಕ್ಕಳಿಗೂ ಕಸುಬುದಾರರ ಮಕ್ಕಳಿಗೂ ಸಾಕು, ಉಳಿದವರು ನೇರವಾಗಿ ಲ್ಯಾಟಿನ್ ಕಲಿಯಲಿ ಎಂದಿದ್ದವರಲ್ಲಿ ಅವರ ಸ್ವಂತ ಗುರು ಆಲ್‌ಸ್ಟೆಡ್ ಒಬ್ಬರು. ಶಿಷ್ಯರು ಅದನ್ನು ಒಪ್ಪಲಿಲ್ಲ. ತನ್ನ ಮಾತನ್ನೇ ಅರಿಯದ ಮಗುವಿಗೆ ಪರಭಾಷೆಯನ್ನು ಕಲಿಸುವುದು, ನಡೆಯಲಾರದವನಿಗೆ ಕುದುರೆ ಸವಾರಿ ಕಲಿಸಿದಂತೆ ಎಂಬುದು ಅವರ ನಿಲುವಾಗಿತ್ತು. ಓದು ಬರಹಗಳು ಜೊತೆಜೊತೆಯಾಗಿ ಸಾಗಬೇಕು. ದಿನಕ್ಕೆ ನಾಲ್ಕು ಗಂಟೆಗಳ ಪಾಠ ಸಾಕು, ಬೆಳಿಗ್ಗೆ ಎರಡು, ಅಪರಾಹ್ನ ಎರಡು. (ನಮ್ಮ ಮಕ್ಕಳ ಇಂದಿನ ಪುಸ್ತಕದ ಹೊರೆಯನ್ನು ಅವರು ಕಂಡಿದ್ದರೆ ಏನೆನ್ನುತ್ತಿದ್ದರೋ!) ಆರು ತರಗತಿಗಳಿಗೆ ಆರು ಚೆಕ್ ಪುಸ್ತಕಗಳನ್ನೂ ರಚಿಸಿದರು. ಶಾಲೆಯೊಂದು ಉದ್ಯಾನವೆಂಬ ಭಾವನೆಯಿಂದ ಅವುಗಳಿಗೆ ನೇರಳೆ ಹೂಗಳ ಪಾತಿ, ಗುಲಾಬಿಯ ಪಾತಿ ಎಂಬಂತಹ ಹೆಸರುಗಳನ್ನಿಟ್ಟರು.

1632ರಲ್ಲಿ ಅವರು ತಮ್ಮ ಸಭೆಯ ಬಿಷಪರಾದರು. ಕೀರ್ತಿ ಹಬ್ಬಿ, ಇಂಗ್ಲೆಂಡ್, ಸ್ವೀಡನ್ ದೇಶಗಳಿಂದ ಕರೆಬಂತು. ಆದರೆ 1648ರ ಶಾಂತಿ ಒಪ್ಪಂದವು ಚೆಕ್ ನಿರಾಶ್ರಿತರಿಗೆ ಮರಳುವ ದಾರಿಯನ್ನು ತೆರೆಯಲಿಲ್ಲ. 1650ರಲ್ಲಿ ಅವರು ತಮ್ಮ ಸಭೆಯನ್ನು ಸಾಯುತ್ತಿರುವ ತಾಯಿಯೆಂದು ಕಲ್ಪಿಸಿ ಅದರ ಮರಣಶಾಸನವನ್ನು ಬರೆದರು. ಆ ತಾಯಿ ತನ್ನ ಜನಾಂಗಕ್ಕೆ ಬಿಟ್ಟುಹೋಗುವ ಆಸ್ತಿಗಳಲ್ಲಿ ತಾಯ್ನುಡಿಯ ಮೇಲಿನ ಅಕ್ಕರೆಯೂ ಒಂದು.

ಹಂಗೇರಿಯ ಶಾರೊಷ್‌ಪತಾಕಿನಲ್ಲಿದ್ದಾಗ ಸಿದ್ಧಪಡಿಸಿದ ಅವರ ಸಚಿತ್ರ ಪುಸ್ತಕ 'ಓರ್ಬಿಸ್ ಪಿಕ್ಟುಸ್' 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಲ್ಯಾಟಿನ್ ಮತ್ತು ಜರ್ಮನ್ ಭಾಷೆಗಳಲ್ಲಿ ಅಚ್ಚಾಯಿತು. ಅದರ ಆರಂಭದಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಚಿತ್ರ, ಆ ಅಕ್ಷರವನ್ನು ನೆನಪಿಸುವ ಒಂದು ದನಿ: ಕಾಗೆಯ ಕೂಗು, ಕುರಿಮರಿಯ ಅರಚು. ಚೆಕ್ ಭಾಷೆಯನ್ನೂ ಒಳಗೊಂಡ ನಾಲ್ಕು ಭಾಷೆಗಳ ಮುದ್ರಣ 1685ರಲ್ಲಿ ಹೊರಬಂದಾಗ ಗ್ರಂಥಕರ್ತರು ಬದುಕಿರಲಿಲ್ಲ.

ಅಷ್ಟರಲ್ಲಿ ಲೆಶ್ನೊ ಬೂದಿಯಾಗಿತ್ತು. ಸ್ವೀಡನ್ನಿನ ಅರಸನು ಪೋಲೆಂಡಿನ ಮೇಲೆ ದಂಡೆತ್ತಿ ಬಂದಾಗ ಕೊಮೇನಿಯಸ್ ಅವನನ್ನು ಹೊಗಳಿ ಬರೆದರು. ಆಶ್ರಯವಿತ್ತ ನಾಡಿನ ವೈರಿಯನ್ನು ಹೊಗಳಿದ್ದು ವಿವೇಕವಲ್ಲವೆಂದೇ ನಮ್ಮ ಅಭಿಮತ. 1656ರ ಏಪ್ರಿಲ್‌ನಲ್ಲಿ ಪೋಲಿಷ್ ಪಡೆಗಳು ಊರಿಗೆ ಬೆಂಕಿಯಿಟ್ಟವು. ನಲವತ್ತಕ್ಕೂ ಹೆಚ್ಚು ವರ್ಷ ದುಡಿದು ಸಂಗ್ರಹಿಸಿದ್ದ ಚೆಕ್ ನಿಘಂಟಿನ ಹಸ್ತಪ್ರತಿ ಸುಟ್ಟುಹೋಯಿತು. ಅವರಿಗೆ ಅತ್ಯಂತ ನೋವುಂಟುಮಾಡಿದ ನಷ್ಟ ಅದೇ. ಆಮ್‌ಸ್ಟರ್‌ಡಾಮ್ ನಗರವು ಅವರಿಗೆ ಕೊನೆಯ ಆಶ್ರಯವಾಯಿತು. ಅಲ್ಲಿಂದಲೇ 1659ರಲ್ಲಿ ಚದುರಿಹೋದ ತಮ್ಮ ಜನರಿಗಾಗಿ ಚೆಕ್ ಭಾಷೆಯ ಗೀತಸಂಗ್ರಹವನ್ನು ಅಚ್ಚುಹಾಕಿಸಿದರು. 1670ರ ನವೆಂಬರ್ 15ರಂದು ನಿಧನರಾದ ಅವರ ಸಮಾಧಿ ಹಾಲೆಂಡಿನ ನಾರ್ಡೆನ್ ಪಟ್ಟಣದಲ್ಲಿದೆ.

ಆ ಕಾಲದಲ್ಲಿ ಕ್ರೌರ್ಯವು ಒಂದೇ ಪಕ್ಷದ್ದಾಗಿರಲಿಲ್ಲ. 1620ರಲ್ಲಿ ಓಲೊಮೊತ್ಸ್ ನಗರದಲ್ಲಿ ಕಥೋಲಿಕ ಗುರು ಯಾನ್ ಸಾರ್ಕಾಂಡರ್ ಅವರು ಪ್ರೊಟೆಸ್ಟಂಟ್ ಅಧಿಕಾರಿಗಳ ಚಿತ್ರಹಿಂಸೆಯಿಂದ ಮಡಿದಿದ್ದರು. 1995ರ ಮೇ 21ರಂದು ಅದೇ ನಗರದಲ್ಲಿ ಅವರನ್ನು ಸಂತರೆಂದು ಘೋಷಿಸಿದ ಪೋಪ್ ಎರಡನೇ ಜಾನ್ ಪಾಲ್‌ರವರು, ಕಥೋಲಿಕೇತರರಿಗೆ ಆದ ಅನ್ಯಾಯಗಳಿಗಾಗಿ ಧರ್ಮಸಭೆಯ ಪರವಾಗಿ ಕ್ಷಮೆ ಯಾಚಿಸಿದರು.

ಕೊಮೇನಿಯಸ್ ಅವರ ಚೆಕ್ ಬೋಧನಾಗ್ರಂಥದ ಹಸ್ತಪ್ರತಿಯು 1841ರಲ್ಲಿ ಲೆಶ್ನೊದಲ್ಲೇ ವಿಜ್ಞಾನಿ ಪುರ್ಕಿನ್ಯೆ ಅವರಿಗೆ ದೊರೆತು, 1849ರಲ್ಲಿ ಮುದ್ರಣಗೊಂಡಿತು. ಮಕ್ಕಳಿಗೆಂದು ಬರೆದ ಆ ಆರು ಹೂಪಾತಿಗಳ ಪುಸ್ತಕಗಳು ಮಾತ್ರ ಉಳಿದುಬರಲಿಲ್ಲ.